ಫ್ರಿಜ್ಜಿನ ಬಾಗಿಲ ರಬ್ಬರ್

ಬೇರೆಯವರ ಮನೆಯ ಫ್ರಿಜ್ಜಿನ ಮುಂದೆ ನಿಂತರೆ ನನಗೆ ಎಲ್ಲಿಲ್ಲದ ಮಾತು ಬರುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಫ್ರಿಜ್ ರಿಪೇರಿ ಮಾಡಿಕೊಂಡಿದ್ದೇನೆ. ಬಾಗಿಲಿನ ಸುತ್ತ ಇರುವ ರಬ್ಬರ್ ಹರಿದದ್ದು ಕಂಡರೆ ಸಾಕು, ಮನೆಯವರನ್ನು ನಿಲ್ಲಿಸಿಕೊಂಡು ಪಾಠ ಶುರು ಮಾಡುತ್ತಿದ್ದೆ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ, ಮುಚ್ಚಿ, "ಎಳೀರಿ" ಅನ್ನುತ್ತಿದ್ದೆ. ಕಾಗದ ಬಿಗಿಯಾಗಿ ಹಿಡಿದುಕೊಂಡರೆ ರಬ್ಬರ್ ಸರಿಯಿದೆ ಎಂದರ್ಥ. ಸಲೀಸಾಗಿ ಜಾರಿ ಬಂದರೆ, "ಇದು ಫ್ರಿಜ್ಜಲ್ಲಮ್ಮ, ಬೀರು. ಬಟ್ಟೆ ಮಡಿಸಿಡಿ" ಅನ್ನುತ್ತಿದ್ದೆ. ಅವರು ಪೆಚ್ಚಾಗಿ ನಗುತ್ತಿದ್ದರು. ಆ ನಗು ನೋಡುವುದಕ್ಕೆ ನನಗೆ ಖುಷಿ. ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಖುಷಿಯಾಗುತ್ತಿದ್ದದ್ದು ನಿಜ.

ನಮ್ಮ ಮನೆಯ ಫ್ರಿಜ್ಜಿನ ಕೆಳಬಾಗಿಲಿನ ರಬ್ಬರ್ ಮೂಲೆಯಲ್ಲಿ ಬಾಯಿ ಬಿಟ್ಟು ಎಂಟು ತಿಂಗಳಾಗಿತ್ತು. ಮೇಲಿನ ಫ್ರೀಜರ್‌ಗೆ ಬೇರೆ ಬಾಗಿಲು, ಅದು ಚೆನ್ನಾಗಿತ್ತು. ಕೆಳಗಿನದು ಮಾತ್ರ ಮುಚ್ಚಿದರೂ ಮುಚ್ಚಿದ ಹಾಗಿರುತ್ತಿರಲಿಲ್ಲ. ಹೆಂಡತಿ ಎರಡು ಕೈಯಲ್ಲೂ ಪಾತ್ರೆ ಹಿಡಿದು ಸೊಂಟದಿಂದ ಅದನ್ನು ಒತ್ತಿ ಹೋಗುತ್ತಿದ್ದಳು. ಕೇಳಿದಾಗಲೆಲ್ಲ ನಾನು "ನಾಳೆ" ಅನ್ನುತ್ತಿದ್ದೆ. ಅದೇ ಅಳತೆಯ ರಬ್ಬರ್ ನನ್ನ ಚೀಲದಲ್ಲೇ ಇರುತ್ತಿತ್ತು. ಬೆಳಗ್ಗೆ ಯಾರಾದರೂ ಫೋನ್ ಮಾಡಿದರೆ ಅವರ ಮನೆ ಸೇರಿಬಿಡುತ್ತಿತ್ತು.

ನನ್ನ ಅಕ್ಕನ ಮಗಳಿಗೆ ನಮ್ಮೂರಿನ ಕಣ್ಣಾಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆಯಲ್ಲೇ ಇರಲಿ ಎಂದು ಮಾತಾಯಿತು. ನಮಗೆ ಮಕ್ಕಳಿಲ್ಲ. ಹೊಲಿಗೆ ಯಂತ್ರ, ಹಳೇ ಪೆಟ್ಟಿಗೆಗಳು ತುಂಬಿದ್ದ ಹಿಂದಿನ ಕೋಣೆಯನ್ನು ಹೆಂಡತಿ ಒಂದೇ ವಾರದಲ್ಲಿ ಖಾಲಿ ಮಾಡಿದಳು. ಹಸಿರು ಬಟ್ಟೆ ತಂದು ಕಿಟಕಿಗೆ ಪರದೆ ಹೊಲಿದಳು. ಹೊಲಿದು, ಉದ್ದ ಸರಿಯಿಲ್ಲವೆಂದು ಬಿಚ್ಚಿ, ಮತ್ತೆ ಹೊಲಿದಳು. ಹುಡುಗಿ ಇನ್ನೂ ಬಂದಿರಲಿಲ್ಲ, ಇವಳಾಗಲೇ ಅದನ್ನು "ಮಗೂ ಕೋಣೆ" ಅನ್ನತೊಡಗಿದ್ದಳು. ಮಗುವಿಗೆ ಇಪ್ಪತ್ಮೂರು ವರ್ಷ.

ಕೋಣೆ ನೋಡಲು ಅಕ್ಕ, ಭಾವ, ಹುಡುಗಿ ಮೂವರೂ ಭಾನುವಾರ ಊಟಕ್ಕೆ ಬರುವವರಿದ್ದರು. ಶುಕ್ರವಾರ ಬೆಳಗ್ಗೆಯೇ ಹೆಂಡತಿ ಫ್ರೀಜರಿನಲ್ಲಿದ್ದ ಮೂರು ಪ್ಯಾಕೆಟ್ ಕೋಳಿಯಲ್ಲಿ ಎರಡನ್ನು ತೆಗೆದು, ಅಂಚಿರುವ ತಟ್ಟೆಯಲ್ಲಿಟ್ಟು, ಕೆಳಗಿನ ಭಾಗದ ಕೊನೇ ಹಲಗೆಯಲ್ಲಿ ಇಟ್ಟಳು.

"ಬಿಸಿನೀರಲ್ಲಿ ಹಾಕಿದ್ರೆ ಅರ್ಧ ಗಂಟೇಲಿ ಕರಗಲ್ವಾ?" ಎಂದೆ.

"ಹೊರಗೆ ಮೆತ್ತಗಾಗಿ ಒಳಗೆ ಕಲ್ಲಾಗೇ ಇರುತ್ತೆ. ಆಚೆ ಇಟ್ರೆ ಕೆಡುತ್ತೆ. ಫ್ರಿಜ್ಜಲ್ಲೇ ನಿಧಾನಕ್ಕೆ ಕರಗ್ಬೇಕು ಅಂತ ಪ್ಯಾಕೆಟ್ ಮೇಲೆ ಬರ್ದಿದ್ದಾರೆ, ಓದ್ರಿ. ನೀರು ತರಕಾರಿ ಮೇಲೆ ಸೋರ್ಬಾರ್ದು ಅಂತ ಕೆಳಗಿಟ್ಟಿದ್ದೀನಿ."

ಅವಳು ಒಂದಿಷ್ಟೂ ತಪ್ಪು ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳಬೇಕಾದಾಗ ಹೇಳಲಿಲ್ಲವಲ್ಲ.

ಭಾನುವಾರ ಪ್ಯಾಕೆಟ್ ಕತ್ತರಿಸಿದವಳು ಮೂಗಿನ ಹತ್ತಿರ ಹಿಡಿದು ನನ್ನನ್ನು ಕರೆದಳು. "ರೀ, ಸ್ವಲ್ಪ ವಾಸನೆ ಅನ್ಸುತ್ತಾ?"

ನಾನು ಬಗ್ಗಿಯೂ ನೋಡಲಿಲ್ಲ. "ಕೋಳಿಯಿಂದ ಕೋಳಿ ವಾಸನೆ ಬರದೆ ಗುಲಾಬಿ ವಾಸನೆ ಬರುತ್ತಾ?" ಎಂದೆ. ಅವಳು ನಕ್ಕಳು. ಅಡುಗೆಗೆ ಇಟ್ಟಳು. ಬೆಂದ ಮೇಲೆ ದಪ್ಪ ತುಂಡೊಂದನ್ನು ಮೂಳೆಯವರೆಗೆ ಕತ್ತರಿಸಿ, ಕೆಂಪು ಇಲ್ಲವೆಂದು ನೋಡಿಯೇ ಒಲೆ ಆರಿಸಿದಳು.

ಊಟಕ್ಕೆ ಕೂತ ಹೊತ್ತಿಗೆ ಐಸ್‌ಕ್ರೀಮ್ ಅಂಗಡಿಯವನ ಫೋನ್ ಬಂತು. ನಾನು ಎರಡು ತುತ್ತು ತಿಂದು ಎದ್ದು ಹೋದೆ. ಉಳಿದವರು ಹೊಟ್ಟೆ ತುಂಬ ಉಂಡರು. ಸಂಜೆಯ ಹೊತ್ತಿಗೆ ನಾಲ್ವರಿಗೂ ವಾಂತಿ. ಹೆಂಗಸರು ಹೇಗೋ ಸುಧಾರಿಸಿಕೊಂಡರು. ಭಾವನಿಗೆ ಸಕ್ಕರೆ ಕಾಯಿಲೆ, ಆಸ್ಪತ್ರೆಗೆ ಸೇರಿಸಬೇಕಾಯಿತು.

ಮರುದಿನ ಬೆಳಗ್ಗೆ ಡಾಕ್ಟರಮ್ಮ ನಮ್ಮನ್ನೆಲ್ಲ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು ಕೇಳಿದರು. "ಕೋಳಿನ ಫ್ರೀಜರಿಂದ ತೆಗೆದು ಎಲ್ಲಿಟ್ಟಿದ್ರಿ?"

"ಫ್ರಿಜ್ಜಲ್ಲೇ ಇಟ್ಟಿದ್ದೆ. ಎರಡು ದಿನ," ಎಂದಳು ಹೆಂಡತಿ. ಅವಳ ಮುಖ ಬಿಳಚಿಕೊಂಡಿತ್ತು. "ಚೆನ್ನಾಗಿ ಬೇಯಿಸಿದ್ದೆ."

"ಬೇಯಿಸಿದ್ರೆ ಎಲ್ಲಾನೂ ಹೋಗಲ್ಲಮ್ಮ. ಬೆಚ್ಚಗಿರೋ ಜಾಗದಲ್ಲಿ ಬಹಳ ಹೊತ್ತು ಇದ್ರೆ ಅದರಲ್ಲಿ ವಿಷ ಸೇರ್ಕೊಳ್ಳುತ್ತೆ. ಕೆಲವು ವಿಷ ಆಮೇಲೆ ಎಷ್ಟು ಕುದಿಸಿದ್ರೂ ಹಾಗೇ ಇರುತ್ತೆ. ನಿಮ್ಮ ಫ್ರಿಜ್ ಸರಿಯಾಗಿದೆಯಾ?"

ಹೆಂಡತಿ ನನ್ನ ಕಡೆ ತಿರುಗಿದಳು. ಅಷ್ಟು ಸುಸ್ತಿನಲ್ಲೂ ಅವಳ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. "ಇವರೇ ಫ್ರಿಜ್ ರಿಪೇರಿ ಮಾಡೋರು."

ಎಲ್ಲರೂ ನನ್ನನ್ನು ನೋಡಿದರು. ಹಾಸಿಗೆಯ ಮೇಲಿದ್ದ ಭಾವ ಕೂಡ ಕಣ್ಣು ತೆರೆದು ನೋಡಿದರು. "ಹೂಂ, ಸರಿಯಾಗಿದೆ," ಎಂದೆ.

ಅಷ್ಟೇ ಹೇಳಿದ್ದು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. "ನನ್ನ ತಮ್ಮ ಮುಟ್ಟಿದರೆ ಸತ್ತ ಮಿಷನ್ನೂ ಎದ್ದು ಕೂರುತ್ತದೆ" ಎಂದು ಊರೆಲ್ಲ ಹೇಳಿಕೊಂಡು ಬಂದವಳು. ಅವಳೆದುರು ನನ್ನ ಮನೆಯ ಫ್ರಿಜ್ಜೇ ಬೀರು ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ.

ಬಟ್ಟೆ ತರುವ ನೆಪದಲ್ಲಿ ಮನೆಗೆ ಬಂದವನು ಆ ಕೊನೇ ಹಲಗೆಯಲ್ಲಿ ಥರ್ಮಾಮೀಟರ್ ಇಟ್ಟೆ. ಅರ್ಧ ಗಂಟೆ ಕುರ್ಚಿ ಎಳೆದುಕೊಂಡು ಫ್ರಿಜ್ಜಿನ ಎದುರು ಕೂತೆ. ಐದರೊಳಗೆ ಇರಬೇಕಾದದ್ದು ಹದಿಮೂರು ತೋರಿಸಿತು. ಕಾಗದ ಸಿಕ್ಕಿಸಿ ಎಳೆದೆ. ಎಳೆಯುವುದೇ ಬೇಕಾಗಿರಲಿಲ್ಲ, ಅದಾಗಿಯೇ ಬಿದ್ದುಹೋಯಿತು. ಒಳಗಿದ್ದ ತಿನ್ನುವ ಪದಾರ್ಥವನ್ನೆಲ್ಲ ಎಸೆದೆ. ಚೀಲದಿಂದ ಹೊಸ ರಬ್ಬರ್ ತೆಗೆದು ಹಾಕಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಎಂಟು ತಿಂಗಳು ನಾಳೆ ನಾಳೆ ಎಂದದ್ದು ಇಪ್ಪತ್ತು ನಿಮಿಷದ ಕೆಲಸಕ್ಕೆ. ಹಳೇ ರಬ್ಬರನ್ನು ಕಾಗದದಲ್ಲಿ ಸುತ್ತಿ, ನಮ್ಮ ಬೀದಿಯ ಕಸದ ತೊಟ್ಟಿ ಬಿಟ್ಟು ಮುಂದಿನ ಬೀದಿಯ ತೊಟ್ಟಿಗೆ ಹಾಕಿ ಬಂದೆ. ಕಳ್ಳನೂ ನನಗಿಂತ ಧೈರ್ಯವಾಗಿ ನಡೆಯುತ್ತಾನೆ.

ಬುಧವಾರದವರೆಗೂ ಹೆಂಡತಿ ಅಕ್ಕನ ಜೊತೆ ಆಸ್ಪತ್ರೆಯಲ್ಲೇ ಇದ್ದಳು. ಅಂದು ಭಾವ ಮನೆಗೆ ಹೋದರು. ಹೊರಡುವಾಗ ಅಕ್ಕ ಹೆಂಡತಿಗೆ ಕೇಳಿಸುವ ಹಾಗೆ ನನಗೆ ಹೇಳಿದಳು. "ಹುಡುಗಿ ಹಾಸ್ಟೆಲಲ್ಲಿ ಇರ್ತಾಳೆ ಕಣೋ. ತಪ್ಪು ತಿಳ್ಕೋಬೇಡ. ಮನುಷ್ಯರ ಜೀವ ಅಂದ್ಮೇಲೆ ಅಡುಗೆಮನೆ ಒಂದು ಶಿಸ್ತಲ್ಲಿರ್ಬೇಕು."

ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಬ್ಯಾಗನ್ನು ಆಟೋಗೆ ಇಡುವುದರಲ್ಲಿ ಬಹಳ ಮಗ್ನನಾಗಿದ್ದೆ.

ಮನೆಗೆ ಬಂದು ಅವಳು ನೀರಿನ ಬಾಟಲಿಗಾಗಿ ಫ್ರಿಜ್ ತೆರೆದಳು, ಮುಚ್ಚಿದಳು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಹಸಿರು ಪರದೆ ಬಿಚ್ಚಿ ಮಡಿಸಿಟ್ಟಳು. ಅಂದಿನಿಂದ ಕೋಳಿ ಮಾಡುವುದನ್ನು ಬಿಟ್ಟಳು. ಮೂರನೇ ಪ್ಯಾಕೆಟ್ ಫ್ರೀಜರಿನಲ್ಲೇ ಉಳಿಯಿತು. ಪಾಪ, ತನ್ನದೇ ತಪ್ಪೆಂದುಕೊಂಡು ಒಳಗೊಳಗೇ ಕೊರಗುತ್ತಿದ್ದಾಳೆ ಎಂದುಕೊಂಡೆ. ನನಗೆ ಅವಳ ಮೇಲೆ ಕನಿಕರ ಕೂಡ ಬಂತು. ಕನಿಕರ ಪಡಲು ನಾನು ಯಾರು ಎಂದು ಆಗ ಹೊಳೆಯಲಿಲ್ಲ. ಹೊರಗೆ ಹೋದ ಮನೆಗಳಲ್ಲಿ ಕಾಗದದ ಪಾಠ ಮಾತ್ರ ನಿಂತುಹೋಯಿತು. ಚೂರು ಕಾಗದ ಕೈಯಲ್ಲಿ ಹಿಡಿದರೆ ಕಿವಿ ಬಿಸಿಯಾಗುತ್ತಿತ್ತು.

ಆ ಊಟವಾಗಿ ಆರು ವಾರಕ್ಕೆ, ಭಾನುವಾರ, ಅಕ್ಕ ಮಗಳನ್ನು ಹಾಸ್ಟೆಲಿಗೆ ಬಿಡಲು ಬಂದವಳು ದಾರಿಯಲ್ಲಿ ನಮ್ಮ ಮನೆಗೂ ಬಂದಳು. ಹೆಂಡತಿ ಟೀ ಇಡಲು ಹೊರಟಾಗ, "ಬೇಡಮ್ಮ, ತಂದಿದ್ದೀವಿ," ಎಂದು ಚೀಲದಿಂದ ಫ್ಲಾಸ್ಕ್ ತೆಗೆದಳು. ಜೊತೆಗೆ ಎರಡು ಊಟದ ಡಬ್ಬಿ. ನಮ್ಮ ಮನೆಯ ಲೋಟ ಕೂಡ ಬೇಕಾಗಲಿಲ್ಲ, ಫ್ಲಾಸ್ಕಿನ ಮುಚ್ಚಳಕ್ಕೇ ಬಗ್ಗಿಸಿಕೊಂಡಳು. ಹುಡುಗಿಗೆ ಮುಜುಗರವಾಗಿ ನೆಲ ನೋಡುತ್ತ ಕೂತಳು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದವಳಂತೆ ನಿಂತಿದ್ದಳು. ತನ್ನ ಮನೆಯಲ್ಲಿ ತಾನೇ ಹೊರಗಿನವಳಾಗಿ ನಿಂತ ಅವಳನ್ನು ನನ್ನಿಂದ ನೋಡಲಾಗಲಿಲ್ಲ.

"ಅಕ್ಕ, ತಪ್ಪು ನಂದು," ಎಂದೆ. "ಫ್ರಿಜ್ಜಿನ ರಬ್ಬರ್ ಹೋಗಿತ್ತು. ಎಂಟು ತಿಂಗಳಿಂದ ಗೊತ್ತಿತ್ತು. ಒಳಗೆ ಹದಿಮೂರು ಡಿಗ್ರಿ ಇತ್ತು. ವಾಸನೆ ಬರ್ತಿದೆ ಅಂತ ಇವಳು ಕೇಳಿದ್ಲು, ನಾನು ತಮಾಷೆ ಮಾಡ್ದೆ. ಡಾಕ್ಟ್ರ ಹತ್ರ ಸುಳ್ಳು ಹೇಳ್ದೆ. ಭಾವ ಆಸ್ಪತ್ರೇಲಿದ್ದಾಗ ಮನೆಗೆ ಬಂದು ಯಾರಿಗೂ ಗೊತ್ತಾಗ್ದೇ ಇರೋ ಹಾಗೆ ಬದ್ಲಾಯಿಸ್ದೆ."

ಅಕ್ಕ ಮುಚ್ಚಳವನ್ನು ಮೇಜಿನ ಮೇಲಿಟ್ಟಳು. "ನಿನ್ನ ಹೀಗೆ ಬೆಳೆಸಿದ್ನೇನೋ ನಾನು?" ಎಂದಳು. ನಂತರ ಹೆಂಡತಿಯ ಕಡೆ ತಿರುಗಲು ಹೋಗಿ ಅರ್ಧದಲ್ಲೇ ನಿಂತಳು. ಅವಳಿಗೂ ಮುಖ ತೋರಿಸಲು ಕಷ್ಟವಾಗಿತ್ತು.

ನಾನೇ ಹೆಂಡತಿಗೆ ಹೇಳಿದೆ. "ನಿಂಗೆ ಹೇಳ್ಬೇಕಿತ್ತು."

"ನಂಗೆ ಗೊತ್ತಿತ್ತು," ಎಂದಳು ಅವಳು. ದನಿ ಏರಿಸಲಿಲ್ಲ. "ಬುಧವಾರ ಬಂದು ಬಾಗಿಲು ತೆಗೆದೆ. ಬರ್ಲಿಲ್ಲ. ಜೋರಾಗಿ ಎಳೀಬೇಕಾಯ್ತು. ಸೊಂಟದಲ್ಲಿ ಒತ್ತಿ ಮುಚ್ಚೋ ಬಾಗಿಲು ತಾನಾಗೇ ಮುಚ್ಕೊಳ್ತು. ಹೊಸ ರಬ್ಬರ್ ಅಂತ ತಿಳ್ಕೊಳ್ಳೋಕೆ ನಾನೂ ಫ್ರಿಜ್ ರಿಪೇರಿ ಕಲೀಬೇಕಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಗಂಡನ ಮೇಲೆ ಹಾಕ್ತಾಳೆ ಅಂತಿದ್ರು. ನೀವೇ ಹೇಳ್ತೀರಿ ಅಂತ ಕಾದೆ. ಇವತ್ತಿಗೆ ನಲವತ್ತು ದಿನ."

ಅಲ್ಲಿಯವರೆಗೆ ತಪ್ಪೊಪ್ಪಿಕೊಂಡ ಸಮಾಧಾನವೊಂದು ಎದೆಯಲ್ಲಿ ಸಣ್ಣಗೆ ಶುರುವಾಗಿತ್ತು. ಅದು ಅಲ್ಲೇ ಸತ್ತಿತು. ನಲವತ್ತು ದಿನ ಅವಳು ನನ್ನ ಬಟ್ಟೆ ಒಗೆದಿದ್ದಳು, ಊಟ ಬಡಿಸಿದ್ದಳು. ಪ್ರತಿ ಸಲ ಆ ಬಾಗಿಲು ಎಳೆಯುವಾಗಲೂ ನನ್ನ ಬಾಯಿ ತೆರೆಯುತ್ತದೋ ಎಂದು ನೋಡಿದ್ದಳು.

ಹುಡುಗಿ ಎದ್ದಳು. "ಅಮ್ಮ, ನಾನು ಅತ್ತೆ ಜೊತೆ ಇಲ್ಲೇ ಇರ್ತೀನಿ," ಎಂದಳು. ಅಕ್ಕ ಬೇಡ ಅನ್ನಲಿಲ್ಲ. ಊಟದ ಡಬ್ಬಿಗಳನ್ನು ಚೀಲದೊಳಕ್ಕೆ ಹಾಕಿ, ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ, "ಒಂದ್ ಲೋಟ ಟೀ ಕೊಡಮ್ಮ," ಎಂದಳು.

ಹೆಂಡತಿ ಟೀ ಕೊಟ್ಟಳು. ಆಮೇಲೆ ಫ್ರೀಜರಿನಿಂದ ಆ ಮೂರನೇ ಪ್ಯಾಕೆಟ್ ತೆಗೆದು ಅಂಚಿರುವ ತಟ್ಟೆಯಲ್ಲಿಟ್ಟಳು. ನಾಳೆ ಸಂಜೆ ಹುಡುಗಿಗೆ ಅಡುಗೆ. ತಟ್ಟೆಯನ್ನು ಕೆಳಗೆ ಇಡುವ ಮೊದಲು ಕ್ಯಾಲೆಂಡರಿನ ಹಳೇ ಹಾಳೆಯಿಂದ ಒಂದು ಚೂರು ಹರಿದು, ಬಾಗಿಲಿಗೆ ಸಿಕ್ಕಿಸಿ ಮುಚ್ಚಿದಳು.

"ಎಳೀರಿ," ಎಂದಳು ನನಗೆ.

ಅಕ್ಕ, ಹುಡುಗಿ ಇಬ್ಬರೂ ನೋಡುತ್ತಿದ್ದರು. ಎಳೆದೆ. ಕಾಗದ ಬರಲಿಲ್ಲ. "ನಾಲ್ಕು ಕಡೆನೂ," ಎಂದಳು. ನಾಲ್ಕು ಕಡೆಯೂ ಎಳೆದೆ.

ಹುಡುಗಿ ಬಂದು ಈಗ ವರ್ಷವಾಯಿತು, ಹಸಿರು ಪರದೆ ಮತ್ತೆ ಕಿಟಕಿಯಲ್ಲಿದೆ. ಹೆಂಡತಿ ನಗುತ್ತಾಳೆ, ನನ್ನನ್ನು ಗೇಲಿ ಮಾಡುತ್ತಾಳೆ, ಎಲ್ಲ ಮೊದಲಿನಂತೆಯೇ ಇದೆ. ಆದರೆ ಕೋಳಿ ಕರಗಿಸಲು ಇಡುವ ದಿನ ಮಾತ್ರ ನನ್ನನ್ನು ಕರೆದು ಕೈಗೆ ಕಾಗದದ ಚೂರು ಕೊಡುತ್ತಾಳೆ. ಆಗ ನಗುವುದಿಲ್ಲ. ಸರಿಯಾಗಿದೆ ಎಂದು ನಾನು ಬಾಯಲ್ಲಿ ಹೇಳಿದರೆ ಅವಳಿಗೆ ಸಾಲದು.