ಬಲಗಡೆ ಇಟ್ಟ ಲೋಟ

ಟಕ್ ಎಂದಿತು ತಗಡಿನ ಲೋಟ, ಕಾಫಿಯ ಬಿಸಿ ಹಾರ್ಲನ್‌ನ ಬಲಗೆನ್ನೆಗೆ ತಾಗಿತು, ಮೇಜು ತನ್ನದು, ಲೋಟ ತನ್ನದು, ಕಾಫಿ ಸುರಿದವಳು ಮಾತ್ರ ಮೇವಿಸ್, ಮರದ ಮಿಲ್ಲಿನ ಮೇಸ್ತ್ರಿ, ಎಂಟು ವರ್ಷದಲ್ಲಿ ಒಮ್ಮೆಯೂ ಈ ಮೆಟ್ಟಿಲು ಹತ್ತದವಳು — ಬೋನಿಗೆ ರೊಟ್ಟಿಚೂರು ಸಿಕ್ಕಿಸದೆ ಯಾರೂ ಇಲಿ ಹಿಡಿಯುವುದಿಲ್ಲ. ಕಾಗದ ಸರಪರ ಎನ್ನುತ್ತಿದೆ, ಒಂದು ಹಾಳೆಯೋ ಎರಡೋ, ಕಣ್ಣಿಲ್ಲದವನಿಗೆ ಏನು ಓದಿ ಹೇಳಿದರೂ ಅದೇ ವೇದ. ನೋಡು ಹಾರ್ಲನ್, ಮೊದಲೇ ಊನ ಇದ್ದವನನ್ನ ಗೊತ್ತಿದ್ದೂ ಕೆಲಸಕ್ಕೆ ಇಟ್ಕೊಂಡಿದ್ರೆ, ಆಮೇಲೆ ಅವನಿಗೆ ಎರಡನೇ ಏಟು ಬಿದ್ರೆ, ಸರ್ಕಾರದ ನಿಧಿ ನಮ್ಮ ವಿಮೆಯವರಿಗೆ ಖರ್ಚು ತುಂಬಿಕೊಡುತ್ತೆ ಕಣಪ್ಪ, ನಿನ್ನ ಎಡಗಣ್ಣು ಕಾಣಲ್ಲ ಅಂತ ನಮಗೆ ಮೊದಲಿಂದ ಗೊತ್ತಿತ್ತು ಅಂತ ಬರೆದಿದೆ, ಒಂದು ಸಹಿ ಹಾಕು ಸಾಕು. ಮೊದಲಿಂದ ಗೊತ್ತಿತ್ತಂತೆ. ಸುಳ್ಳುಬುರುಕಿ. ಹತ್ತನೇ ವಯಸ್ಸಿನಲ್ಲಿ ಅಣ್ಣನ ಕವಣೆಕಲ್ಲು ತಿಂದ ಆ ಕಣ್ಣಿನ ಗುಟ್ಟು ಹೆಂಡತಿ ಓಪಲ್ ಒಬ್ಬಳಿಗೆ ಗೊತ್ತು, ಕೆಲಸಕ್ಕೆ ಸೇರುವ ದಿನ ಗೋಡೆಯ ಅಕ್ಷರಗಳನ್ನು ಬಲಗಣ್ಣಲ್ಲೇ ಬಾಯಿಪಾಠ ಮಾಡಿ ಒಪ್ಪಿಸಿದ್ದ, ಅರ್ಜಿಯಲ್ಲಿ ಎರಡೂ ಕಣ್ಣು ಸರಿ ಎಂದು ಬರೆದಿದ್ದ, ಈಗ ಬಾಯಿಬಿಟ್ಟರೆ ಸುಳ್ಳು ಹೇಳಿ ಸೇರಿದವನೆಂದು ವಾರದ ಪರಿಹಾರ ನಿಲ್ಲಿಸುತ್ತಾರೆ, ಓಪಲ್ ಏನು ತಿನ್ನುತ್ತಾಳೆ, ಅಥವಾ ಓಪಲ್ಲೇ ಹೇಳಿರಬಹುದೆ, ಒಲೆಯ ಹತ್ತಿರ ನಿಂತಿದ್ದಾಳೆ. ಹಾಕಿಬಿಡ್ರೀ, ನಮಗೇನೂ ಕಮ್ಮಿ ಆಗಲ್ಲವಂತೆ. ನಿಂಗೆ ಯಾರು ಹೇಳಿದ್ದು? ಅವರೇ.

ಅವರೇ, ಅವರೇ — ನೀನು ಓಪಲ್ ಹತ್ರ ಕೇಳ್ಕೊಂಡೆ ತಾನೆ ಮೇವಿಸ್? ಇಲ್ಲಪ್ಪ, ಇವಳನ್ನ ಇವತ್ತೇ ನೋಡ್ತಿರೋದು, ಕಾಫಿ ಆರ್ತದೆ ಕುಡಿ. ಕೈ ಚಾಚಿದ, ತಡಕಬೇಕಾಗಲಿಲ್ಲ, ಲೋಟ ಬಲಗಡೆಯೇ ಇತ್ತು, ಮಿಲ್ಲಿನಲ್ಲಿದ್ದ ಹಾಗೆ, ಓಕ್ ಮರದ ಹೊಟ್ಟಿನ ವಾಸನೆ, ಹತ್ತು ಗಂಟೆಯ ಬಿಡುವು, ಅವನ ಬೆಂಚಿನ ಬಲಕ್ಕೆ ಕಂಬ, ಎಡಗಡೆ ಬೇಕಾದಷ್ಟು ಜಾಗ, ಆದರೂ ಈ ದಪ್ಪ ಹೆಂಗಸು ದಿನಾ ಕಂಬ ಸುತ್ತಿ ಬಂದು ಲೋಟ ಇಡುತ್ತಿದ್ದಳು, ಟಕ್, ಯಾಕೆ ಮಾರಾಯ್ತಿ ಸುತ್ತು ಹಾಕ್ತೀಯ ಅಂದರೆ ಸೊಂಟ ಕರಗಲಿ ಅಂತ ಎಂದು ನಗುತ್ತಿದ್ದಳು, ಎಂಟು ವರ್ಷ, ಒಂದು ದಿನವೂ ಎಡಗಡೆ ಇಟ್ಟವಳಲ್ಲ. ಹಾಗಾದರೆ ಕಾಗದ ಸುಳ್ಳಲ್ಲ. ಗೊತ್ತಿತ್ತು. ಗೊತ್ತಿದ್ದೂ ಮಾರ್ಚಿನಲ್ಲಿ, ಚಕ್ಕೆ ಹಾರುವ ದೊಡ್ಡ ಗರಗಸಕ್ಕೆ ಆಳಿಲ್ಲ, ನೀನೇ ನಿಲ್ಲು ಅಂದಳು, ಕಣ್ಣು ಕಾಯುವ ಕನ್ನಡಕ ನಾಳೆ ಬರುತ್ತೆ ಅಂದಳು, ಇದ್ದ ಒಂದೇ ಕಣ್ಣಿಗೆ ಚಕ್ಕೆ ಹೊಕ್ಕಿತು. ಮೇವಿಸ್ ಅವನ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದಳು, ಇಲ್ಲಿ, ಇಲ್ಲಿ ಹಾಕು, ಸಹಿ ಬೀಳದೆ ಪೆನ್ನು ಹಾಳೆಯ ಮೇಲೆ ನಿಂತಿತು, ಲೋಟವನ್ನು ಅವಳು ಅವನ ಕೈಗೆ ತಗುಲದಂತೆ ಎತ್ತಿ ಮತ್ತೆ ಇಟ್ಟಳು, ಟಕ್, ಬಲಗಡೆ.