ಮೊಸರಿನ ತಪ್ಪಿಲ್ಲ

"ಮೊಸರಿಂದ ಏನೂ ಆಗ್ತಿಲ್ಲಜ್ಜಿ," ಎಂದ ಡಾಕ್ಟರು, ಮೇಘನಳ ಮೂಗಿಗೆ ಬಿಟ್ಟಿದ್ದ ಟಾರ್ಚ್ ಆರಿಸುತ್ತ. "ರಕ್ತದಲ್ಲಿ ನೋಡಿದೀವಿ. ಹಾಲು, ಮೊಸರು ಯಾವುದಕ್ಕೂ ಅಲರ್ಜಿ ಇಲ್ಲ. ರೇಷ್ಮೆ ಹುಳಕ್ಕೆ ಮಾತ್ರ ಜೋರಾಗಿದೆ."

ಆದಿಲಕ್ಷ್ಮಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಕೋಲಾರದಲ್ಲಿ ಬೋರ್ಡು ತಗಲಿಹಾಕಿಕೊಂಡಿದ್ದಾನೆ. ಮಗುವಿನ ತೋಳಿಂದ ಒಂದು ಸೂಜಿ ರಕ್ತ ಎಳೆದನಂತೆ, ಅದರಲ್ಲಿ ಹುಳ ಕಂಡಿತಂತೆ. ಮೊಮ್ಮಗಳ ಸೀನು, ಸೋರುವ ಮೂಗು, ರಾತ್ರಿ ಬಾಯಲ್ಲೇ ಎಳೆಯುವ ಉಸಿರು, ಎಲ್ಲಕ್ಕೂ ಮೊಸರೇ ಕಾರಣ ಎಂದು ಅವಳು ಎಂದೋ ತೀರ್ಮಾನಿಸಿಯಾಗಿತ್ತು. ಎರಡು ವರ್ಷದಿಂದ ಆ ಮಗುವಿನ ತಟ್ಟೆಗೆ ಒಂದು ತೊಟ್ಟು ಬಿದ್ದಿರಲಿಲ್ಲ. ಒಮ್ಮೆ ಕದ್ದು ಬಡಿಸಲು ಹೋದ ಸೊಸೆ ರಂಜಿತಳಿಗೆ ಆದ ಮಂಗಳಾರತಿಯನ್ನು ಸುಗಟೂರಿನ ಬೀದಿಯೆಲ್ಲ ಕೇಳಿತ್ತು.

"ಇವಳ ತಾತ, ಮುತ್ತಾತ ಎಲ್ಲಾ ಹುಳ ಸಾಕ್ದೋರೇ. ಯಾರ ಮೂಗೂ ಸೋರ್ಲಿಲ್ಲ," ಎಂದಳು.

"ಮಗು ಎಲ್ಲಿ ಮಲಗುತ್ತೆ?"

"ನನ್ ಪಕ್ಕ. ಹುಳದ ಮನೇಲಿ."

ಡಾಕ್ಟರು ಪೆನ್ನು ಕೆಳಗಿಟ್ಟ. "ಅಲ್ಲಿಗೆ ಬಿಡ್ಬೇಡಿ. ಹುಳ ಮುಟ್ಟಿದ ಬಟ್ಟೇಲಿ ಎತ್ಕೊಳ್ಳೋದೂ ಬೇಡ. ಈಗ ಕೊಡ್ತಿರೋ ಆಂಟಿಬಯೋಟಿಕ್ ನಿಲ್ಸಿ, ಇದು ಅದಕ್ಕೆ ಹೋಗೋ ಕಾಯಿಲೆ ಅಲ್ಲ. ಮೂಗಿಗೆ ಸ್ಪ್ರೇ ಕೊಡ್ತೀನಿ. ಹೀಗೇ ಬಿಟ್ರೆ ಮುಂದೆ ಉಬ್ಬಸಕ್ಕೆ ತಿರುಗಬಹುದು."

ಬಸ್ಸಿನಲ್ಲಿ ಆದಿಲಕ್ಷ್ಮಮ್ಮನ ಬಾಯಿ ನಿಲ್ಲಲಿಲ್ಲ. "ಜನದಿಂದ ಹುಳಕ್ಕೆ ಕಾಯಿಲೆ ಬರ್ಬಾರ್ದು ಅಂತ ನಾವು ಕೈಕಾಲು ತೊಳ್ದು ಒಳಗೋಗ್ತೀವಿ. ಇವ್ನು ನೋಡು, ಹುಳದಿಂದ ಜನಕ್ಕೆ ಕಾಯಿಲೆ ಅಂತಾನೆ. ಡಾಕ್ಟ್ರಂತೆ ಡಾಕ್ಟ್ರು."

ಪಕ್ಕದಲ್ಲಿ ಕೂತಿದ್ದ ರಂಜಿತ ಕಿಟಕಿಯ ಕಡೆಗೆ ನೋಡುತ್ತಲೇ ಹೇಳಿದಳು. "ಅತ್ತೆ, ಯಲ್ದೂರಲ್ಲಿ ನಮ್ಮಮ್ಮನ ಮನೇಲಿ ಇವ್ಳು ದಿನಾ ಮೊಸರನ್ನ ತಿಂತಾಳೆ. ಅಲ್ಲಿ ಹುಳ ಸಾಕಲ್ಲ. ಅಲ್ಲಿದ್ದಷ್ಟು ದಿನ ಒಂದು ಸೀನೂ ಸೀನಲ್ಲ."

"ಚಾಲ್ಲೇ, ಸಾಕು," ಎಂದು ಆದಿಲಕ್ಷ್ಮಮ್ಮ ಸೊಸೆಯ ಬಾಯಿ ಮುಚ್ಚಿಸಿದಳು. ಮೇಘನ ಅಜ್ಜಿಯ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಆ ಉಸಿರಿನ ಗೊರಗೊರ ಸದ್ದು ಇಂದು ಅವಳಿಗೆ ಸಹಿಸಲಾಗಲಿಲ್ಲ.

ಸಂಜೆ ಹುಳಕ್ಕೆ ಸೊಪ್ಪು ಹಾಕಿ ಹೊರಗೆ ಬಂದವಳು ಹೊಸ್ತಿಲ ಪಕ್ಕದ ಬಕೆಟ್ಟಿನಲ್ಲಿ ಕೈಕಾಲು ತೊಳೆದಳು. ಒಳಗೆ ಹೋಗುವಾಗ ತೊಳೆಯುವುದು ರೂಢಿ. ಹೊರಗೆ ಬಂದು ತೊಳೆದದ್ದು ಇದೇ ಮೊದಲು. ಸೀರೆಯನ್ನೂ ಬದಲಿಸಿದಳು. ಮೇಘನಳ ಚಾಪೆಯನ್ನು ತಾನೇ ಎತ್ತಿ, ಕೊಡವಿ, ರಂಜಿತಳ ಕೋಣೆಗೆ ಹಾಕಿ ಬಂದಳು.

ಊಟಕ್ಕೆ ಕೂತಾಗ ಮೊಸರಿನ ಪಾತ್ರೆ ಅವಳ ಕೈಯಲ್ಲಿತ್ತು. ಸೌಟು ತಟ್ಟೆಯ ಮೇಲೆ ಬರುತ್ತಲೇ ಮೇಘನ ಎರಡೂ ಕೈ ಅಡ್ಡ ಹಿಡಿದಳು.

"ಬೇಡಜ್ಜಿ. ಇಲ್ಲಿ ತಿಂದ್ರೆ ನೆಗಡಿ ಆಗುತ್ತೆ."

ಆದಿಲಕ್ಷ್ಮಮ್ಮ ಸೌಟು ಬಗ್ಗಿಸಿದಾಗ ಒಂದು ತೊಟ್ಟು ಮಗುವಿನ ಕೈಮೇಲೆ ಬಿತ್ತು. ಮೇಘನ ಅಜ್ಜಿಯ ಮುಖವನ್ನೇ ನೋಡುತ್ತ, ಮೆಲ್ಲಗೆ ಅದನ್ನು ನೆಕ್ಕಿದಳು.