ಕೇಳದೆ ಬೇಯಿಸಿದ್ದು

ಟೆಕ್ಸಸ್‌ನ ಲಿಯಾಂಡರ್‌ನಲ್ಲಿ ಕನ್ನಡದವರು ಯಾರನ್ನಾದರೂ ಊಟಕ್ಕೆ ಕರೆದರೆ ಮೊದಲು ಕೇಳುವುದು ಒಂದೇ ಮಾತು: "ಶನಿವಾರ ನಾನ್‌ವೆಜ್ ನಡೆಯುತ್ತಾ?" ಕೆಲವರಿಗೆ ಸೋಮವಾರ ಆಗದು, ಕೆಲವರಿಗೆ ಶ್ರಾವಣ ಪೂರ್ತಿ ಆಗದು, ಇನ್ನು ಕೆಲವರಿಗೆ ಮೊಟ್ಟೆ ಆಗದು, ಮೊಟ್ಟೆ ಹಾಕಿದ ಕೇಕ್ ಮಾತ್ರ ಧಾರಾಳವಾಗಿ ಆಗುತ್ತದೆ. ಪ್ರಭಂಜನನೂ ಎಲ್ಲರನ್ನೂ ತಪ್ಪದೆ ಕೇಳುತ್ತಿದ್ದ. ದಾನಪ್ಪನನ್ನು ಮಾತ್ರ ಕೇಳಲಿಲ್ಲ.

ಆಫೀಸಿನಲ್ಲಿ ಪಕ್ಕದ ಸೀಟಿನ ದಾನಪ್ಪ ಒಮ್ಮೆ ಮಾತಿಗೆ ಮಾತು ಬಂದು, ತಾನು ವಿಜಯಪುರದ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದು ಓದಿದವನು ಎಂದಿದ್ದ. ಅಷ್ಟು ಸಾಕಾಯಿತು. ದಲಿತ, ಅಂದಮೇಲೆ ದನದ ಮಾಂಸ ತಿಂದೇ ತಿನ್ನುತ್ತಾನೆ ಎಂದು ಪ್ರಭಂಜನ ತೀರ್ಮಾನಿಸಿಬಿಟ್ಟ. ತಾನೋ ಮೈಸೂರಿನ ಮಾಧ್ವರ ಮನೆಯಲ್ಲಿ ಹುಟ್ಟಿ, ಇಲ್ಲಿಗೆ ಬಂದಮೇಲೆ ದನದ ಮಾಂಸದ ಸ್ಟೇಕ್ ತಿನ್ನಲು ಕಲಿತವನು. ಜಾತಿ ಬಿಟ್ಟವನೆಂಬ ಹೆಮ್ಮೆ ಬೇಕಾದಷ್ಟಿತ್ತು, ಮೆಚ್ಚುವವರು ಸಿಕ್ಕಿರಲಿಲ್ಲ. ಹಾಗಂತ ಬರೀ ಬೂಟಾಟಿಕೆಯೂ ಅಲ್ಲ. ದಾನಪ್ಪನೆಂದರೆ ಅವನಿಗೆ ನಿಜಕ್ಕೂ ಇಷ್ಟ. ಆಫೀಸಿನ ಸ್ನೇಹ ಮನೆಯ ಸ್ನೇಹವಾಗಬೇಕೆಂಬ ಆಸೆಯಿತ್ತು. ಊರಿನಿಂದ ದಾನಪ್ಪನ ತಾಯಿ ದ್ಯಾಮವ್ವ ಬಂದಿದ್ದಾರೆಂದು ತಿಳಿದದ್ದೇ ತಡ, ಇಬ್ಬರನ್ನೂ ಊಟಕ್ಕೆ ಕರೆದ.

ಶನಿವಾರ ಬೆಳಿಗ್ಗೆಯಿಂದಲೇ ಅಡುಗೆಮನೆ ಅವನದಾಯಿತು. ಮಾಂಸದ ದಪ್ಪ ತುಂಡುಗಳನ್ನು ಒರೆಸಿ ಒಣಗಿಸಿ, ಒಂದಕ್ಕೊಂದು ತಾಗದಂತೆ ಕೆಂಪಗೆ ಹುರಿದ. ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ ಬಾಡಿಸಿ, ಒಂದು ಬಾಟಲಿ ಕೆಂಪು ವೈನ್ ಪೂರ್ತಿ ಸುರಿದು, ಕಬ್ಬಿಣದ ಪಾತ್ರೆಗೆ ಮುಚ್ಚಳ ಹಾಕಿ ಸಣ್ಣ ಉರಿಯ ಓವನ್‌ಗೆ ತಳ್ಳಿದ.

"ಅವ್ರನ್ನ ಒಂದ್ಮಾತು ಕೇಳಿದ್ಯಾ?" ಎಂದಳು ಹೆಂಡತಿ ನಿಶಿತಾ.

"ಕೇಳೋದೇನು ಬಂತು? ತಿಂತಾರೆ ಕಣೇ."

ಅವಳು ಚಪಾತಿ, ಬದನೆಕಾಯಿ ಪಲ್ಯವನ್ನೂ ಮಾಡಿಟ್ಟಳು.

ಮಧ್ಯಾಹ್ನ ಮುಚ್ಚಳ ತೆಗೆದಾಗ ಮನೆಯೆಲ್ಲ ಘಮ್ಮೆಂದಿತು. ತಾಯಿ ಮಗ ಬಂದು ಕೂತಮೇಲೆ ಪ್ರಭಂಜನ ತಾನೇ ಬಡಿಸಲು ನಿಂತ. ದಾನಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ಏನ್ರಿ ಇದು?"

"ಬೀಫ್. ರೆಡ್ ವೈನಲ್ಲಿ ಬೇಯಿಸಿದ್ದು."

"ನಾ ತಿನ್ನೂದಿಲ್ರಿ. ಅವ್ವ ತಿಂತಾಳ."

ಪ್ರಭಂಜನನಿಗೆ ಒಂದು ಕ್ಷಣ ಪಿಚ್ಚೆನಿಸಿತು. ದ್ಯಾಮವ್ವ ಮಾತ್ರ ಚಪಾತಿಯಲ್ಲಿ ಸುತ್ತಿ ಬಾಯಿಗಿಟ್ಟವರೇ ಮುಖವರಳಿಸಿದರು.

"ಎಷ್ಟ ಮೆತ್ತಗಾಗೇತಿ! ಹಲ್ಲಿಲ್ದೋರಿಗೂ ನಡೀತೈತಿ. ನೀವೂ ನಮ್ಮ ಮಂದೀನ ಏನ್ರಿ ಯಪ್ಪಾ?"

ಇಂಥದ್ದೊಂದು ಪ್ರಶ್ನೆಗೇ ಕಾದಿದ್ದವನಂತೆ ಪ್ರಭಂಜನ ಬೀಗಿದ. "ಅಲ್ಲಮ್ಮ, ನಾವು ಬ್ರಾಹ್ಮಣರು. ನಿಮಗೋಸ್ಕರಾನೇ ಮಾಡಿದ್ದು."

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ದ್ಯಾಮವ್ವ ಮಗನ ಕಡೆ ತಿರುಗಿದರು. "ನಮ್ಮ ಜಾತಿ ಇಂಥಾದ್ದಂತ ನೀ ಹೇಳಿದ್ದೇನೋ?"

"ಇಲ್ಲವ್ವಾ." ದಾನಪ್ಪ ದನಿಯೇರಿಸಲಿಲ್ಲ. ಪ್ರಭಂಜನನಿಗೆ ಹೇಳಿದ: "ಕೇಳಿದ್ರ ಹೇಳ್ತಿದ್ದೆರಿ. ಮುಚ್ಚಿಡೂವಂಥಾದ್ದೇನಿಲ್ಲ."

ತಾನು ಅತಿಥಿಗಳಿಗೆ ಅಡುಗೆ ಮಾಡಿರಲಿಲ್ಲ, ಅವರ ಜಾತಿಗೆ ಮಾಡಿದ್ದೆ ಎಂದು ಪ್ರಭಂಜನನಿಗೆ ಈಗ ತಿಳಿಯಿತು. ಬಡಿಸಿದ್ದನ್ನು ತಟ್ಟೆಯಿಂದ ವಾಪಸು ತೆಗೆಯುವ ಹಾಗಿದ್ದರೆ ತೆಗೆದುಬಿಡುತ್ತಿದ್ದ.

ದ್ಯಾಮವ್ವ ಬಿಡಲಿಲ್ಲ, ಪೂರ್ತಿ ತಿಂದರು. ಆದರೆ ರುಚಿಯ ಮಾತು ಮತ್ತೆ ಬರಲಿಲ್ಲ. ಮುಗಿಸಿದವರೇ ಸೆರಗನ್ನು ತಲೆಯ ಮೇಲೆಳೆದುಕೊಂಡು, ತಟ್ಟೆ ಲೋಟ ಎತ್ತಿಕೊಂಡು ಸಿಂಕಿನ ಕಡೆ ನಡೆದರು.

"ಅಯ್ಯೋ, ಬಿಡಿ ಅಮ್ಮ, ಮೆಷಿನ್ ಇದೆ," ಎಂದು ನಿಶಿತಾ ಹಿಂದೆಯೇ ಓಡಿದಳು.

"ಇರ್ಲಿ ಬಿಡ್ರಿ ಯವ್ವಾ. ನಿಮ್ಮಂಥೋರ ಮನ್ಯಾಗ ನಮಗಿದು ರೂಢೀನ ಐತಿ."

ತಟ್ಟೆಯನ್ನು ತಿಕ್ಕಿ ತಿಕ್ಕಿ ತೊಳೆದರು. ಉಳಿದ ಪಾತ್ರೆಗಳ ಜೊತೆ ಇಡಲಿಲ್ಲ. ಹಿತ್ತಲ ಬಾಗಿಲ ಪಕ್ಕ, ನೆಲದ ಮೇಲೆ, ತಟ್ಟೆ ಲೋಟ ಎರಡನ್ನೂ ಬೋರಲು ಹಾಕಿದರು.

ದಾನಪ್ಪ ಎದ್ದು ಬಂದ. ಬಗ್ಗಿ ಅವೆರಡನ್ನೂ ಎತ್ತಿಕೊಂಡು ಬಂದು ಊಟದ ಮೇಜಿನ ಮೇಲೆ, ಪ್ರಭಂಜನನ ಮುಂದೆಯೇ ಇಟ್ಟ.

"ನಡೀ ಅವ್ವಾ," ಎಂದ.